ಎರಡು ಚುಕ್ಕಿಯ ಗೆರೆ

ಬೋವಿಕಾನದ ಪೇಟೆಯಲ್ಲಿ ನಿಂತು ಮಹಾಬಲನ ಮನೆ ಎಲ್ಲಿ ಎಂದು ಕೇಳಿದರೆ ಜನ ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಬೆರಳಿನ ಮಹಾಬಲಣ್ಣನಾ?" ಹೌದು ಅಂದ ಮೇಲೆ ದಾರಿ ಹೇಳುತ್ತಾರೆ. ಎಲ್ಲರಂತೆ ಅವನಿಗೂ ಹತ್ತು ಬೆರಳಿದ್ದರೂ ಊರು ಕೊಂಡಾಡಿದ್ದು ಬಲಗೈಯ ತೋರುಬೆರಳು ಮತ್ತು ಹೆಬ್ಬೆರಳನ್ನು ಮಾತ್ರ. ಕಾರಿನ ಟರ್ಬೊದ ಶಾಫ್ಟಿನ ತುದಿಯನ್ನು ಆ ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಅಡ್ಡಕ್ಕೆ, ಒಮ್ಮೆ ಹಿಂದೆಮುಂದೆ ಅಲ್ಲಾಡಿಸಿ, "ಇದು ಹೆಚ್ಚೆಂದರೆ ಇನ್ನೆರಡು ತಿಂಗಳು" ಅಂದನೆಂದರೆ ಮೂರನೆಯ ತಿಂಗಳಿಗೆ ಆ ಗಾಡಿ ನೀಲಿ ಹೊಗೆ ಉಗುಳುತ್ತ ಅವನ ಅಂಗಳಕ್ಕೇ ಬರುತ್ತಿತ್ತು. ಜಾತಕ ಹೇಳುವವರೂ ಇಷ್ಟು ಕರಾರುವಾಕ್ಕಾಗಿ ಹೇಳುವುದಿಲ್ಲ.

ಈ ವಿದ್ಯೆ ಅವನಿಗೆ ಸಿಕ್ಕಿದ್ದು ಶಾರ್ಜಾದಲ್ಲಿ. ಇಪ್ಪತ್ತನಾಲ್ಕರ ವಯಸ್ಸಿಗೆ ವಿಮಾನ ಹತ್ತಿದವನು ಹದಿನೆಂಟು ವರ್ಷ ಅಲ್ಲಿನ ಒಂದು ಗ್ಯಾರೇಜಿನ ಹಿಂಬದಿಯ ಕೋಣೆಯಲ್ಲಿ ಟರ್ಬೊಗಳನ್ನೇ ಬಿಚ್ಚಿ ಕೂರಿಸಿದ. ಅಲ್ಲಿ ಮೇಸ್ತ್ರಿಯಾಗಿದ್ದ ಮುದುಕ ಪಠಾಣ, ಎಲ್ಲರೂ ಖಾನ್ ಸಾಬ್ ಎನ್ನುತ್ತಿದ್ದವನು, ಮೊದಲ ಒಂದು ವರ್ಷ ಇವನ ಕೈಗೆ ಸ್ಪಾನರ್ ಕೊಡಲೇ ಇಲ್ಲ. ಹಳೆಯ ಶಾಫ್ಟುಗಳನ್ನು ಕೊಟ್ಟು ಮುಟ್ಟಿ ನೋಡು ಎನ್ನುತ್ತಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಮುಟ್ಟುವುದೇ ಕೆಲಸ. ಊರಿಗೆ ಬರೆದ ಕಾಗದದಲ್ಲಿ ಮಹಾಬಲ ಅದನ್ನು ಹೇಳಿಕೊಳ್ಳಲು ನಾಚಿ, ಮೆಶಿನು ನಡೆಸುತ್ತಿದ್ದೇನೆ ಎಂದು ಬರೆದಿದ್ದ.

ಟರ್ಬೊ ನೋಡಲು ದೊಡ್ಡ ಬಸವನಹುಳುವಿನ ಚಿಪ್ಪಿನ ಹಾಗಿರುತ್ತದೆ. ಎಂಜಿನ್ ಹೊರಗೆ ಬಿಡುವ ಹೊಗೆ ಅದರೊಳಗಿನ ಒಂದು ಪುಟ್ಟ ಗಾಲಿಯನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಅಲ್ಯೂಮಿನಿಯಮ್ ಗಾಲಿ ತಾನೂ ತಿರುಗಿ ಎಂಜಿನ್ನಿಗೆ ಗಾಳಿ ತುಂಬುತ್ತದೆ. ವೇಗ ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ. ಅಷ್ಟು ವೇಗದಲ್ಲಿ ತಿರುಗುವ ವಸ್ತುವಿನ ತೂಕ ಒಂದು ಕೂದಲಿನಷ್ಟು ಆಚೀಚೆಯಾದರೂ ಅದು ತನ್ನನ್ನು ತಾನೇ ಅರೆದುಕೊಂಡು ಮುರಿಯುತ್ತದೆ. ಆದ್ದರಿಂದ ಗಾಲಿಯನ್ನು ಶಾಫ್ಟಿನಿಂದ ತೆಗೆಯುವ ಮೊದಲು, ಶಾಫ್ಟಿನ ತುದಿ, ಅದರ ನಟ್ಟು, ಗಾಲಿಯ ಮೂತಿ, ಈ ಮೂರನ್ನೂ ಹಾಯುವಂತೆ ಒಂದು ಗೆರೆ ಎಳೆಯಬೇಕು. ಮತ್ತೆ ಕೂರಿಸುವಾಗ ಆ ಗೆರೆಗೆ ಗೆರೆ ಸರಿಯಾಗಿ ಬರಬೇಕು. ಈಗಿನವರು ಬಣ್ಣದ ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾರೆ. ಖಾನ್ ಸಾಬ್ ಕಲಿಸಿದ ಕ್ರಮ ಬೇರೆ. ಚೂಪು ಮೊನೆಯ ಸ್ಕ್ರೈಬರಿನಿಂದ ಗೀರಬೇಕು, ಗೆರೆಯ ಪಕ್ಕದಲ್ಲಿ ಮೊನೆ ಒತ್ತಿ ಎರಡು ಚುಕ್ಕಿ ಇಡಬೇಕು. ಮೊನೆ ಮಸಿಯನ್ನು ದಾಟಿ ಲೋಹವನ್ನು ಕಚ್ಚಿದಾಗ ಬೆರಳಿಗೆ ಸಣ್ಣಗೆ ಕರ್ರೆನ್ನುತ್ತದೆ. ಹಾಗೆ ಬಿದ್ದ ಗೆರೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದರೂ ಅದು ಹೋಗುವುದಿಲ್ಲ. ಎರಡು ಚುಕ್ಕಿಯ ಈ ಗೆರೆ ಮಹಾಬಲನ ಸಹಿಯೇ ಆಗಿಬಿಟ್ಟಿತ್ತು.

ಆ ಬೆರಳು ಸತ್ತು ಎರಡು ವರ್ಷವಾಗಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಅವನಿಗೆ ಶಾರ್ಜಾದಿಂದಲೇ ಜೊತೆಗೆ ಬಂದದ್ದು. ಮೊದಲು ಪಾದ ಜುಮ್ಮೆನ್ನತೊಡಗಿತು, ಅದಕ್ಕೆ ಚಪ್ಪಲಿಯನ್ನು ಬೈದ. ಆಮೇಲೆ ಕೈಬೆರಳುಗಳ ತುದಿಗೆ ಬಟ್ಟೆ ಸುತ್ತಿದ ಹಾಗಾಯಿತು, ಅದಕ್ಕೆ ವಯಸ್ಸನ್ನು ಬೈದ. ಮಗಳು ಅನ್ವಿತಾ ವಿದ್ಯಾನಗರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅವಳು ಹಟ ಹಿಡಿದು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ನರ್ಸಮ್ಮ ಕಣ್ಣು ಮುಚ್ಚಲು ಹೇಳಿ, ಒಂದು ಸಣ್ಣ ಪ್ಲಾಸ್ಟಿಕ್ ದಾರವನ್ನು ಬೆರಳ ತುದಿಗೆ ತಾಗಿಸುತ್ತ, "ತಿಳೀತದಾ?" ಎಂದು ಕೇಳುತ್ತಿದ್ದರು. ಮಹಾಬಲ ರೆಪ್ಪೆಯ ಸಂದಿನಿಂದ ಅವರ ಕೈ ನೋಡುತ್ತಿದ್ದ. ದಾರ ಬಗ್ಗಿದಾಗಲೆಲ್ಲ "ಹೌದು" ಅಂದ. ಅರುವತ್ತರ ಹತ್ತಿರದ ಗಂಡಸು ಶಾಲೆಯ ಮಕ್ಕಳ ಹಾಗೆ ಪರೀಕ್ಷೆಯಲ್ಲಿ ಕದ್ದು ಬರೆದು ಪಾಸಾಗಿ ಬಂದ. ಹೊರಗೆ ಬಂದು ಮಗಳ ಜೊತೆ ತಾನೂ ಕಬ್ಬಿನ ರಸ ಕುಡಿಯಹೋಗಿ ಬೈಸಿಕೊಂಡ.

ಅಂದಿನಿಂದ ಟರ್ಬೊ, ಬ್ರೇಕು ಎಂದು ಅವನ ಅಂಗಳಕ್ಕೆ ಬಂದ ಗಾಡಿಗಳ ಕೆಲಸವೆಲ್ಲ ನೆನಪಿನ ಮೇಲೆ ನಡೆಯುತ್ತಿತ್ತು. ಶಾಫ್ಟು ಹಿಡಿದು ಕಣ್ಣು ಮುಚ್ಚುವುದನ್ನು ಬಿಡಲಿಲ್ಲ, ಬಿಟ್ಟರೆ ಜನ ಕೇಳುತ್ತಿದ್ದರು. ಆದರೆ ಮುಚ್ಚಿದ ಕಣ್ಣೊಳಗೆ ಏನೂ ಬರುತ್ತಿರಲಿಲ್ಲ. ಹೊಗೆಯ ಬಣ್ಣ, ಸದ್ದು, ಗಾಡಿ ಓಡಿದ ಕಿಲೋಮೀಟರು ಇವನ್ನೆಲ್ಲ ಕೂಡಿಸಿ ಅಂದಾಜಿನಲ್ಲಿ ಒಂದು ಮಾತು ಹೇಳುತ್ತಿದ್ದ. ಬಹುತೇಕ ಸರಿಯಾಗುತ್ತಿತ್ತು. ಸರಿಯಾದಾಗಲೆಲ್ಲ ಅವನಿಗೆ ಹೆಚ್ಚು ಭಯವಾಗುತ್ತಿತ್ತು.

ನವರಾತ್ರಿಯ ಮೊದಲ ವಾರದಲ್ಲಿ ವಿಷ್ಣುಪ್ರಸಾದ ಮಾಷ್ಟ್ರು ಬಂದರು. ಅವರು ಒಳಊರಿನ ಕನ್ನಡ ಶಾಲೆಯಲ್ಲಿ ಪಾಠ ಮಾಡುವವರು. ಅಲ್ಲಿಗೆ ಬರುತ್ತಿದ್ದ ಒಂದೇ ಬಸ್ಸು ನಿಂತ ಮೇಲೆ, ದೂರದ ಐದು ಮಕ್ಕಳನ್ನು ದಿನಾ ತಮ್ಮ ಕಾರಿನಲ್ಲೇ ಕರೆತಂದು ಬಿಡುತ್ತಿದ್ದರು. ದಯೆಯಿಂದ ಅಷ್ಟೇ ಅಲ್ಲ. ಆ ಐದು ಮಕ್ಕಳು ಬೇರೆ ಶಾಲೆಗೆ ಹೋದರೆ ಇಲ್ಲಿ ಒಂದು ಡಿವಿಷನ್, ಅಂದರೆ ತರಗತಿಯ ಒಂದು ವಿಭಾಗ, ಹೋಗುತ್ತದೆ, ಡಿವಿಷನ್ ಹೋದರೆ ಒಬ್ಬ ಟೀಚರ ಹುದ್ದೆ ಹೋಗುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಅವರ ಬಿಳಿ ಡೀಸೆಲ್ ಕಾರು ಹೀಗೆ ಒಂದು ಶಾಲೆಯನ್ನೇ ಎಳೆಯುತ್ತಿತ್ತು.

"ಏರು ಹತ್ತುವಾಗ ಉಸಿರು ಕಟ್ಟಿದ ಹಾಗೆ ಆಗ್ತದೆ, ಮಹಾಬಲಣ್ಣ. ಮತ್ತೆ ಒಂದು ಸೀಟಿ ಹೊಡೆದ ಹಾಗೆ ಶಬ್ದ ಉಂಟು."

ಮಹಾಬಲ ಬಾನೆಟ್ ಎತ್ತಿಸಿ, ಗಾಳಿಯ ಕೊಳವೆ ಬಿಚ್ಚಿ, ಎರಡು ಬೆರಳಲ್ಲಿ ಶಾಫ್ಟು ಹಿಡಿದು ಕಣ್ಣು ಮುಚ್ಚಿದ. ಒಳಗೆ ಕತ್ತಲೆ. ಆದರೆ ಕೊಳವೆಯಲ್ಲಿ ಎಣ್ಣೆ ಒಸರಿದ್ದು ಕಣ್ಣಿಗೇ ಕಂಡಿತ್ತು.

"ಬೇರಿಂಗ್ ಹೋಗಿದೆ ಮಾಷ್ಟ್ರೇ. ಇಳಿಸಬೇಕು."

"ಪೂಜೆಯ ರಜೆ ಮುಗಿದು ಶಾಲೆ ಶುರು ಆಗುವಾಗ ಕೊಡ್ಲಿಕ್ಕೆ ಆಗ್ತದಾ? ಮಕ್ಕಳನ್ನು ತರ್ಲಿಕ್ಕೆ ಬೇರೆ ಗಾಡಿ ಇಲ್ಲ."

"ಆಗ್ತದೆ."

ಆಗುವುದಿಲ್ಲ ಎನ್ನಲು ಅವನಿಗೆ ಆಗ ಒಂದು ಒಳ್ಳೆಯ ಅವಕಾಶವಿತ್ತು. ಮಂಗಳೂರಿಗೆ ಕಳುಹಿಸಿ, ಅಲ್ಲಿ ಮೆಶಿನಿದೆ ಎಂದು ಹೇಳಿದ್ದರೆ ಸಾಕಿತ್ತು. ಆದರೆ ಮಾಷ್ಟ್ರು ಅವನ ಬೆರಳನ್ನೇ ನೋಡುತ್ತಿದ್ದರು, ಆ ನೋಟದ ರುಚಿ ಬಿಡುವುದು ಸುಲಭವಲ್ಲ.

ಮರುದಿನ ಟರ್ಬೊ ಮನೆಯ ಜಗಲಿಯ ಮೇಜಿಗೆ ಬಂತು. ಹೊರಚಿಪ್ಪು ತೆಗೆದಾಗ ಗಾಲಿಯ ಮೂತಿ, ನಟ್ಟು, ಶಾಫ್ಟಿನ ತುದಿ ಎಲ್ಲದಕ್ಕೂ ಎಣ್ಣೆ ಮತ್ತು ಧೂಳು ಸೇರಿ ದಪ್ಪಗೆ ಕಪ್ಪು ಹಿಡಿದಿತ್ತು. ಖಾನ್ ಸಾಬ್ ಹೇಳಿದ್ದು ಮೊದಲು ಗೆರೆ, ಆಮೇಲೆ ತೊಳೆತ. ಮಹಾಬಲ ಸ್ಕ್ರೈಬರ್ ಹಿಡಿದು ಗೀರಿದ. ಕಪ್ಪಿನ ನಡುವೆ ಬೆಳ್ಳಗಿನ ಗೆರೆಯೊಂದು ಚೆನ್ನಾಗಿಯೇ ಕಂಡಿತು. ಮೊನೆ ಒತ್ತಿ ಪಕ್ಕದಲ್ಲಿ ಎರಡು ಚುಕ್ಕಿ ಇಟ್ಟ. ಉಲ್ಟಾ ತಿರುಗುವ ಆ ನಟ್ಟನ್ನು ಬಿಚ್ಚಿ, ಗಾಲಿ ತೆಗೆದು, ಎಲ್ಲವನ್ನೂ ತಟ್ಟೆಯಲ್ಲಿ ಜೋಡಿಸಿದ. ಹೊಸ ಬೇರಿಂಗುಗಳ ಪೆಟ್ಟಿಗೆ ಪಾರ್ಸೆಲಿನಲ್ಲಿ ಬರಬೇಕಿತ್ತು.

ಅಷ್ಟಮಿಯ ದಿನ ಅದು ಕಾಸರಗೋಡಿಗೆ ಬಂದಿದೆಯೆಂದು ಫೋನು ಬಂತು. ಹೊರಡುವಾಗ ಹೆಂಡತಿ ದಮಯಂತಿ ಬಾಗಿಲಲ್ಲಿ ನಿಂತು ಕೇಳಿದಳು. ಇವರ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಹೇಳಿದರೆ ಹೀಗೆ: "ಇವತ್ತು ಸಂಜೆ ಆಯುಧ ಇಡಬೇಕಲ್ಲ. ನೀವು ಬರುವಾಗ ತಡ ಆದ್ರೆ?"

"ಮೇಜಿನ ಮೇಲೆ ಇರುದನ್ನೆಲ್ಲ ನೀನೇ ತೊಳೆದು ಇಡು," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ಮನೆಯ ಕ್ರಮವೇ ಹಾಗೆ. ಅಷ್ಟಮಿಯ ಸಂಜೆ ಸ್ಪಾನರು, ಸುತ್ತಿಗೆ, ಇಕ್ಕಳ, ಜೊತೆಗೆ ದಮಯಂತಿಯ ಬೀಡಿ ಎಲೆ ಕತ್ತರಿಸುವ ಕತ್ತರಿ, ಎಲ್ಲವನ್ನೂ ಉಜ್ಜಿ ಬೆಳಗಿ ಬಾಳೆಲೆಯ ಮೇಲೆ ಇಡುತ್ತಾರೆ. ಇಟ್ಟ ಮೇಲೆ ದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ದಮಯಂತಿ ಮೂವತ್ತು ವರ್ಷ ಬೀಡಿ ಕಟ್ಟಿದವಳು, ಕೆಲಸಕ್ಕೆ ಕೂತರೆ ಅರ್ಧಕ್ಕೆ ಬಿಡುವವಳಲ್ಲ. ಗಂಡ ಕಲಿಸಿದಂತೆ ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಸೋಪಿನ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರೆಸಿದಳು. ತಟ್ಟೆಯಲ್ಲಿದ್ದ ಟರ್ಬೊದ ಭಾಗಗಳೂ ಮೇಜಿನ ಮೇಲೆ ಇದ್ದವುಗಳೇ ತಾನೆ? ಅವನ್ನೂ ತಿಕ್ಕಿದಳು. ಮಾಷ್ಟ್ರ ಗಾಡಿಯ ಜೀವ ಅದರಲ್ಲಿ ಉಂಟೆಂದು ಗಂಡ ಹೇಳಿದ್ದು ನೆನಪಾಗಿ, ಗಾಲಿಗೆ ಗಂಧ ಸ್ವಲ್ಪ ಹೆಚ್ಚೇ ಹಚ್ಚಿ ಒಂದು ಸೇವಂತಿಗೆ ಇಟ್ಟಳು.

ಮಹಾಬಲ ಬಂದಾಗ ದೀಪ ಹಚ್ಚಿ ಆಗಿತ್ತು. ಬಾಳೆಲೆಯ ನಡುವೆ ಗಾಲಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅವನು ಟಾರ್ಚು ತಂದು ಬಗ್ಗಿ ನೋಡಿದ. ಕಂಡಷ್ಟು ಬದಿಯಲ್ಲಿ ಗೆರೆಯಿರಲಿಲ್ಲ, ಬರಿಯ ಹೊಳಪಿತ್ತು.

"ಗುರುತು ಎಲ್ಲಿ?"

"ಎಂತ ಗುರುತು?"

"ಗೆರೆ ಹಾಕಿದ್ದೆ ನಾನು. ಎಂತ ಹಾಕಿ ತಿಕ್ಕಿದ್ದು ನೀನು?"

"ಸೀಮೆಎಣ್ಣೆ. ಯಾವಾಗ್ಲೂ ಹಾಕುದೇ." ಅವನು ಕೈ ಚಾಚಿದ್ದು ಕಂಡು ಅವಳು ಗಾಬರಿಯಾದಳು. "ಮುಟ್ಟಬೇಡಿ, ಇಟ್ಟು ಆಯಿತು."

ಮಹಾಬಲ ಕೈ ಹಿಂದೆ ತೆಗೆದ. ಆದರೆ ನಾಲಗೆಯನ್ನು ಹಿಂದೆ ತೆಗೆಯಲಿಲ್ಲ. ಬುದ್ಧಿ ಇಲ್ಲದವಳು ಅಂದ, ಪೂಜೆ ಪೂಜೆ ಎಂದು ಮನೆ ಹಾಳು ಮಾಡುತ್ತಿ ಅಂದ, ಇನ್ನು ಮುಂದೆ ನನ್ನ ಸಾಮಾನು ಮುಟ್ಟಬೇಡ ಅಂದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವನು ಅಷ್ಟು ಬೈದದ್ದೇ ಇಲ್ಲ. ತಾನೇ ತೊಳೆಯಲು ಹೇಳಿ ಹೋದದ್ದನ್ನು ಅವನು ಎತ್ತಲಿಲ್ಲ. ದಮಯಂತಿಯೂ ಎತ್ತಲಿಲ್ಲ, ಅದೇ ಅವನನ್ನು ಇನ್ನಷ್ಟು ಕೆರಳಿಸಿತು.

ನವಮಿಯ ಮಧ್ಯಾಹ್ನ ವಿಷ್ಣುಪ್ರಸಾದ ಮಾಷ್ಟ್ರು ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದರು. ಬಾಳೆಲೆಯ ಮೇಲಿನ ಅಲಂಕಾರ ಕಂಡು ನಕ್ಕು, "ನನ್ನ ಟರ್ಬೊಗೂ ಪೂಜೆಯಾ ದಮಯಂತಕ್ಕ?" ಅಂದರು.

ದಮಯಂತಿ ಪಾಯಸದ ಲೋಟ ಹಿಡಿದು ನಿಂತಿದ್ದಳು. ಮಹಾಬಲ ಅವಳ ಮುಖ ನೋಡದೆ ಹೇಳಿದ: "ಪೂಜೆ ಮಾಡಿಯೇ ಹಾಳಾದದ್ದು ಮಾಷ್ಟ್ರೇ. ನಾನು ಹಾಕಿದ ಗುರುತನ್ನು ಇವಳು ತೊಳೆದು ತೆಗೆದಿದ್ದಾಳೆ. ಈಗ ಗಾಲಿ ಯಾವ ದಿಕ್ಕಿಗೆ ಕೂರಬೇಕು ಅಂತ ದೇವರಿಗೇ ಗೊತ್ತು."

ಮಾಷ್ಟ್ರ ನಗು ನಿಂತಿತು. ಅವರು ಒಮ್ಮೆ ದಮಯಂತಿಯನ್ನು ನೋಡಿದರು, ಒಮ್ಮೆ ತಮ್ಮ ಚಪ್ಪಲಿ ನೋಡಿದರು. "ಗೊತ್ತಿಲ್ಲದೆ ಆದದ್ದಲ್ಲವಾ, ಇರಲಿ," ಎಂದು ಪಾಯಸವನ್ನು ಅರ್ಧ ಕುಡಿದು ಲೋಟ ಇಟ್ಟರು. ನಾಡಿದ್ದು ಶಾಲೆ ಎಂದು ಮಾತ್ರ ಮೆಲ್ಲಗೆ ನೆನಪಿಸಿ, ನಾಳೆ ಬರುತ್ತೇನೆ ಎಂದು ಹೊರಟರು.

ಅವರು ಹೋದ ಮೇಲೆ ದಮಯಂತಿ ಅಳಲಿಲ್ಲ. ಒಂದು ನಾಣ್ಯ ತೆಗೆದು ಅರಸಿನ ಹಚ್ಚಿದ ಬಟ್ಟೆಯಲ್ಲಿ ಗಂಟು ಕಟ್ಟಿ, ಪಡಸಾಲೆಯ ಮೂಲೆಯಲ್ಲಿದ್ದ ದೈವದ ಮಣೆಯ ಮುಂದೆ ಇಟ್ಟಳು. ತಪ್ಪುಕಾಣಿಕೆ. ಮನೆಯಲ್ಲಿ ಯಾರಿಂದಲಾದರೂ ತಪ್ಪಾದರೆ ಅವರ ಹೆಸರು ಹೇಳಿ ಹೀಗೆ ಗಂಟು ಇಡುವುದು ಅವರ ಕಡೆಯ ರೂಢಿ. "ದಮಯಂತಿಯ ಕೈಯಿಂದ ತಪ್ಪಾಯಿತು, ಮಾಷ್ಟ್ರ ಗಾಡಿಯ ಮಕ್ಕಳಿಗೆ ಏನೂ ಆಗದ ಹಾಗೆ ಕಾಯಬೇಕು," ಎಂದು ಅವಳು ಹೇಳಿದ್ದು ಜಗಲಿಯಲ್ಲಿದ್ದ ಮಹಾಬಲನಿಗೆ ಕೇಳಿಸಿತು. ಆಮೇಲೆ ಬಾಳೆಲೆಯ ಹತ್ತಿರ ಬಂದು, ತನ್ನ ಬೀಡಿಯ ಕತ್ತರಿಯ ಮುಂದೆ ಬಗ್ಗಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತು, ದೂರದಿಂದಲೇ ಕೈಮುಗಿದು ಒಳಗೆ ಹೋದಳು. ಅವಳಿಗೆ ತನ್ನ ಕೈಯ ಮೇಲೇ ನಂಬಿಕೆ ಹೋದದ್ದನ್ನು ಅವನು ಕಣ್ಣಾರೆ ನೋಡಿದ.

ಸಾಮಾನು ಮುಟ್ಟುವ ಹಾಗಿಲ್ಲ, ಆದರೆ ಯೋಚನೆಯನ್ನು ಮುಟ್ಟದೆ ಇರಲಾಗಲಿಲ್ಲ. ಗುರುತಿಲ್ಲದೆ ಅಂದಾಜಿನಲ್ಲಿ ಕೂರಿಸಿದರೆ ಎಂತ? ನೂರರಲ್ಲಿ ಒಂದು ಸಲ ಸರಿಯಾಗಬಹುದು. ಶಾರ್ಜಾದಲ್ಲಿ ಅವನು ಒಮ್ಮೆ ನೋಡಿದ್ದ. ಶಾಫ್ಟು ಮುರಿದ ಡೀಸೆಲ್ ಗಾಡಿ ತನ್ನ ಎಂಜಿನ್ ಆಯಿಲನ್ನೇ ಕುಡಿದು ಹುಚ್ಚು ಹಿಡಿದಂತೆ ಅರಚಿತ್ತು. ಕೀಲಿ ತಿರುಗಿಸಿ ತೆಗೆದರೂ ಎಂಜಿನ್ ನಿಲ್ಲಲಿಲ್ಲ, ರಸ್ತೆಯೆಲ್ಲ ಬಿಳಿ ಹೊಗೆ. ಡ್ರೈವರ್ ಹಾರಿ ಓಡಿದ. ಅದರಲ್ಲಿ ಮಕ್ಕಳಿರಲಿಲ್ಲ. ಮಾಷ್ಟ್ರ ಕಾರಿನ ಹಿಂದಿನ ಸೀಟಿನಲ್ಲಿ ನಾಲ್ಕು ಮಕ್ಕಳು, ಮುಂದೆ ಒಬ್ಬ, ಎಲ್ಲರ ತೊಡೆಯ ಮೇಲೆ ಬ್ಯಾಗು. ಈ ಚಿತ್ರ ಆ ರಾತ್ರಿಯೆಲ್ಲ ಅವನ ಕಣ್ಣ ಮುಂದಿನಿಂದ ಸರಿಯಲಿಲ್ಲ.

ದಶಮಿಯ ಬೆಳಿಗ್ಗೆ ದಮಯಂತಿ ಹೂವು ತೆಗೆದು ಬಾಳೆಲೆ ಎತ್ತಿದಳು. ಗಂಡನ ಸಾಮಾನನ್ನು ತಾನು ಮುಟ್ಟದೆ, "ತೆಗೆದುಕೊಳ್ಳಿ," ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಮಹಾಬಲ ಗಾಲಿಯನ್ನು ಜಗಲಿಯ ಬೆಳಕಿಗೆ ಒಯ್ದ. ಮಗಳು ತಂದುಕೊಟ್ಟ ದೊಡ್ಡ ಭೂತಗನ್ನಡಿಯೊಂದಿತ್ತು, ಬೆರಳಿನ ಮಹಾಬಲನಿಗೆ ಅದು ಯಾಕೆಂದು ಮುಚ್ಚಿಟ್ಟದ್ದು. ಅದನ್ನು ತೆಗೆದ. ಗಂಧ ಒರೆಸಿ, ಮೂತಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ತಾನು ಮೊನ್ನೆ ಗೀರಿದ ಗೆರೆ ನಿಜಕ್ಕೂ ಇರಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದ. ಇನ್ನೊಂದು ಬದಿಯಲ್ಲಿ ಒಂದು ಗೆರೆ ಕಂಡಿತು. ಸಣ್ಣದು, ಆಳವಾದದ್ದು, ತಳದಲ್ಲಿ ವರ್ಷಗಳ ಕಪ್ಪು ಕೂತದ್ದು. ಪಕ್ಕದಲ್ಲಿ ಎರಡು ಚುಕ್ಕಿ.

ಅವನು ಭೂತಗನ್ನಡಿ ಒರೆಸಿ ಮತ್ತೆ ನೋಡಿದ. ನಟ್ಟನ್ನು ಎತ್ತಿ ನೋಡಿದ. ಅಲ್ಲಿಯೂ ಗೆರೆ. ಶಾಫ್ಟಿನ ತುದಿಯಲ್ಲಿಯೂ. ಇದು ಅವನದೇ ಕೈ. ಆಗ ನೆನಪಾಯಿತು, ಎಂಟು ವರ್ಷದ ಹಿಂದೆ ಶಿರಿಯದ ಮೀನಿನ ವ್ಯಾಪಾರಿಯೊಬ್ಬ ಇಂಥದೇ ಬಿಳಿ ಕಾರು ತಂದಿದ್ದ. ಅದೇ ಕಾರು ಕೈ ಬದಲಿಸಿ ಬದಲಿಸಿ ಮಾಷ್ಟ್ರ ಹತ್ತಿರ ಬಂದಿತ್ತು. ಎಣ್ಣೆಯ ಮಸಿಯ ಕೆಳಗೆ ಹಳೆಯ ಗುರುತು ಅಡಗಿ ಕೂತಿತ್ತು, ದಮಯಂತಿ ತಿಕ್ಕಿದ್ದರಿಂದಲೇ ಅದು ಹೊರಗೆ ಬಂದದ್ದು. ಈ ಗೆರೆಗೆ ಗೆರೆ ಕೂಡಿಸಿದರೆ ಗಾಲಿ ಎಲ್ಲಿ ಕೂರಬೇಕೋ ಅಲ್ಲೇ ಕೂರುತ್ತದೆ.

ಸಂತೋಷದಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. "ದಮಯಂತೀ" ಎಂದು ಕರೆಯಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

ಎಂಟು ವರ್ಷ ಬೆಂಕಿಯಂಥ ಬಿಸಿಯಲ್ಲಿ ತಿರುಗಿದ ಗೆರೆ, ಸೀಮೆಎಣ್ಣೆಗೂ ಬ್ರಶ್ಶಿಗೂ ಸೋಪಿಗೂ ಹೋಗದೆ ಉಳಿದಿದೆ. ಹತ್ತು ದಿನವೂ ಆಗದ ಗೆರೆ ಯಾಕೆ ಹೋಯಿತು? ದಮಯಂತಿ ಎರಡನ್ನೂ ಒಂದೇ ಬ್ರಶ್ಶಿನಲ್ಲಿ ತಿಕ್ಕಿದ್ದಾಳೆ. ಹೋಗಲಿಕ್ಕೆ ಅಲ್ಲಿ ಗೆರೆಯೇ ಇರಲಿಲ್ಲ. ಅವನ ಮೊನೆ ಮಸಿಯನ್ನು ಮಾತ್ರ ಗೀರಿತ್ತು. ಲೋಹ ಕಚ್ಚಿತೋ ಇಲ್ಲವೋ ಎಂದು ಹೇಳಬೇಕಾದ ಬೆರಳು ಹೇಳಿರಲಿಲ್ಲ.

ಅವನು ಬೆಂಚಿನ ಮೇಲೆ ಕೂತ. ಒಳಗೆ ಒಗ್ಗರಣೆಯ ಸದ್ದು ಕೇಳುತ್ತಿತ್ತು. ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ಹೊಳೆಯಿತು. ಗೆರೆ ಸಿಕ್ಕಿದೆ. ಜೋಡಿಸಿ ಕೊಟ್ಟರೆ ಮಾಷ್ಟ್ರು ಹೊಗಳುತ್ತಾರೆ, ಹೆಂಡತಿ ತೊಳೆದು ಹಾಕಿದರೂ ಬೆರಳಿನ ಮಹಾಬಲ ದಾರಿ ಕಂಡುಹಿಡಿದ ಎಂದು ಶಾಲೆಯಲ್ಲೆಲ್ಲ ಹೇಳುತ್ತಾರೆ. ದಮಯಂತಿಗೂ ಸಮಾಧಾನವಾಗುತ್ತದೆ. ಅವನು ಹೊಸ ಬೇರಿಂಗ್ ತೆಗೆದು ಶಾಫ್ಟು ಹಾಕಿಯೇ ನೋಡಿದ. ತುದಿ ಹಿಡಿದು ಹಿಂದೆಮುಂದೆ ಎಳೆದ. ಈ ಎಳೆತಕ್ಕೆ ಅದು ಅಲ್ಲಾಡಲೇಬಾರದು, ಅಲ್ಲಾಡಿದರೆ ಗಾಲಿ ಚಿಪ್ಪಿಗೆ ಉಜ್ಜುತ್ತದೆ. ಅಲ್ಲಾಡಿತೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದ. ಕತ್ತಲೆಯಲ್ಲಿ ತೊಡೆಯ ಮೇಲೆ ಬ್ಯಾಗಿಟ್ಟು ಕೂತ ಐದು ಮಕ್ಕಳು ಕಂಡರು.

"ದಮಯಂತೀ, ಇಲ್ಲಿ ಬಾ."

ಅವಳು ಸೆರಗಿಗೆ ಕೈ ಒರೆಸುತ್ತ ಬಂದು ದೂರದಲ್ಲೇ ನಿಂತಳು.

"ಇದನ್ನು ಹಿಡಿ."

"ನಾನು ಮುಟ್ಟುದಿಲ್ಲ. ನೀವೇ ಹೇಳಿದ್ದು."

"ಹಿಡಿ ಮಾರಾಯ್ತಿ. ಇಲ್ಲಿ ನಿನ್ನ ಉಗುರು ಎಳೆದು ನೋಡು."

ಬೀಡಿಯ ತುದಿ ಮಡಚಿ ಮಡಚಿ ಸವೆದ ಹೆಬ್ಬೆರಳಿನ ಉಗುರನ್ನು ಅವಳು ಹೆದರುತ್ತ ಗಾಲಿಯ ಮೂತಿಯ ಮೇಲೆ ಎಳೆದಳು. "ಒಂದು ಗೆರೆ ಸಿಗ್ತದೆ. ಮತ್ತೆ ಎರಡು ಗುಂಡಿ."

"ಅದು ನಾನು ಎಂಟು ವರ್ಷದ ಹಿಂದೆ ಹಾಕಿದ್ದು. ನೀನು ತಿಕ್ಕಿದ ಮೇಲೂ ಉಂಟಲ್ಲ?"

"ಉಂಟು."

"ಹಾಗಾದ್ರೆ ಮೊನ್ನೆ ಹಾಕಿದ್ದು ನೀನು ತಿಕ್ಕಿ ಹೋದದ್ದಲ್ಲ. ನನಗೆ ಗೆರೆ ಹಾಕ್ಲಿಕ್ಕೇ ಆಗಿರಲಿಲ್ಲ." ಬಲಗೈಯನ್ನು ಅವಳ ಮುಂದೆ ಹಿಡಿದ. "ಈ ಬೆರಳಿಗೆ ಗೊತ್ತಾಗುದಿಲ್ಲ. ಎರಡು ವರ್ಷ ಆಯಿತು."

ದಮಯಂತಿ ಆ ಬೆರಳನ್ನು ಹಿಡಿದು, ಅದೇ ಉಗುರಿನಿಂದ ಅದರ ತುದಿಯನ್ನು ಒತ್ತಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಉಗುರಿನ ಗುರುತು ಕೆಂಪಗೆ ಮೂಡುವಷ್ಟು. ಅವನು ಕೈ ಎಳೆದುಕೊಳ್ಳಲಿಲ್ಲ. ಅವಳ ಕಣ್ಣಲ್ಲಿ ಎರಡು ದಿನ ಬಾರದ ನೀರು ಈಗ ಬಂತು. ಅದು ಮರುಕದ್ದೋ ಸಿಟ್ಟಿನದ್ದೋ ಅವನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

"ಆ ಗಂಟು ತೆಗೆ. ತಪ್ಪು ನಿನ್ನದಲ್ಲ," ಅಂದ.

"ದೈವಕ್ಕೆ ಇಟ್ಟದ್ದನ್ನು ತೆಗೀಲಿಕ್ಕಿಲ್ಲ." ಅವಳು ಅವನ ಕೈ ಬಿಟ್ಟಳು. "ಗಂಟು ಅಲ್ಲೇ ಇರಲಿ. ಹೆಸರು ಬದಲಿಸಿ. ಮಾಷ್ಟ್ರ ಎದುರು ನನ್ನ ಹೆಸರು ಹೇಳಿದ್ದಲ್ಲವಾ ನೀವು? ಅವರ ಎದುರೇ ಬದಲಿಸಿ."

ಹತ್ತು ಗಂಟೆಗೆ ಮಾಷ್ಟ್ರು ಬಂದರು. ಮಹಾಬಲ ಅವರನ್ನು ಜಗಲಿಯಲ್ಲಿ ಕೂರಿಸಲಿಲ್ಲ, ಒಳಗೆ ಪಡಸಾಲೆಗೆ ಕರೆದ. ದೈವದ ಮಣೆಯ ಮುಂದೆ ನಿಂತು ಹೇಳತೊಡಗಿದ. ಗುರುತು ಅಳಿಸಿದ್ದು ದಮಯಂತಿಯಲ್ಲ, ಹಾಕಿದವನ ಕೈಯೇ ಸರಿ ಇರಲಿಲ್ಲ ಎಂದ. ಬೆರಳಿನ ಕಥೆ ಹೇಳಿದ, ನರ್ಸಮ್ಮನಿಗೆ ಮೋಸ ಮಾಡಿದ್ದನ್ನೂ ಹೇಳಿದ. ಹಳೆಯ ಗೆರೆಯನ್ನು ಭೂತಗನ್ನಡಿಯಲ್ಲಿ ತೋರಿಸಿದ. "ಜೋಡಿಸ್ಲಿಕ್ಕೆ ದಾರಿ ಉಂಟು ಮಾಷ್ಟ್ರೇ. ಆದರೆ ನಾನು ಜೋಡಿಸುದಿಲ್ಲ. ಮಂಗಳೂರಲ್ಲಿ ಮೆಶಿನಿನಲ್ಲಿ ತಿರುಗಿಸಿ ನೋಡುವವರಿದ್ದಾರೆ. ಅಲ್ಲಿಗೆ ಕೊಡಿ, ನಾಲ್ಕೈದು ದಿನ ಹಿಡೀತದೆ. ನಿಮ್ಮದು ಮಕ್ಕಳು ಕೂರುವ ಗಾಡಿ."

ವಿಷ್ಣುಪ್ರಸಾದ ಮಾಷ್ಟ್ರು ಭೂತಗನ್ನಡಿಯನ್ನು ಅವನ ಕೈಗೆ ತಿರುಗಿ ಕೊಟ್ಟರು. ಒಳ್ಳೆಯ ಮನುಷ್ಯ, ಕೂಗಾಡುವವರಲ್ಲ. ದಮಯಂತಿಯ ಕಡೆ ತಿರುಗಿ, "ನಿನ್ನೆ ನಾನು ಪಾಯಸ ಅರ್ಧಕ್ಕೆ ಬಿಟ್ಟು ಹೋದೆ, ಬೇಜಾರು ಮಾಡಬೇಡಿ ಅಕ್ಕ," ಅಂದರು. ಮತ್ತೆ ಮಹಾಬಲನ ಕಡೆ ತಿರುಗಿದರು.

"ಎರಡು ವರ್ಷ ಅಂತ ಹೇಳಿದಿರಲ್ಲ ಮಹಾಬಲಣ್ಣ?"

"ಹೌದು."

"ಕಳೆದ ವರ್ಷ ನನ್ನ ಗಾಡಿಯ ಬ್ರೇಕ್ ಮಾಡಿದ್ದು ನೀವೇ ಅಲ್ಲವಾ?"

ಇದು ಮಹಾಬಲನಿಗೆ ಹೊಳೆದೇ ಇರಲಿಲ್ಲ. ತಪ್ಪು ಒಪ್ಪಿಕೊಂಡರೆ ಅದು ಅಲ್ಲಿಗೆ ಮುಗಿಯುತ್ತದೆ ಎಂದು ಅವನು ತಿಳಿದಿದ್ದ.

"ಹೌದು. ಅದನ್ನೂ ಅಲ್ಲಿ ಒಮ್ಮೆ ತೋರಿಸಿ."

ಮಾಷ್ಟ್ರು ತಲೆಯಾಡಿಸಿದರು. ಟರ್ಬೊದ ಭಾಗಗಳನ್ನು ದಮಯಂತಿ ಒಂದೊಂದಾಗಿ ಹಳೆಯ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ತುಂಬಿಕೊಟ್ಟಳು, ಮೇಲೆ ಹೊಸ ಬೇರಿಂಗಿನ ಪೆಟ್ಟಿಗೆ. ಮಕ್ಕಳನ್ನು ಒಂದು ವಾರ ಆಟೋದಲ್ಲಿ ತರಿಸುವ ಬಗ್ಗೆ ಫೋನಿನಲ್ಲಿ ಮಾತಾಡುತ್ತಲೇ ಮಾಷ್ಟ್ರು ಅಂಗಳ ಇಳಿದರು. ಪ್ರತಿ ಸಲ ಹೊರಡುವಾಗ ಅವರು ಮಹಾಬಲನ ಕೈ ಕುಲುಕುವುದಿತ್ತು. ಈ ಸಲ ಚೀಲ ಭಾರವಿತ್ತು.

ಮಹಾಬಲ ಗಂಟಿನ ಮುಂದೆ ತಿರುಗಿ ಬಂದು ನಿಂತ. "ಮಹಾಬಲನ ಕೈಯಿಂದ ತಪ್ಪಾಯಿತು," ಅಂದ. ಮುಂದೆ ಕಾಯಬೇಕಾದವರ ಹೆಸರು ಹೇಳಬೇಕು. ಆದರೆ ಈಗ ಐದು ಮಕ್ಕಳ ಹೆಸರು ಸಾಲದಾಗಿತ್ತು. ಎರಡು ವರ್ಷದಲ್ಲಿ ಈ ಅಂಗಳದಿಂದ ಹೊರಟ ಗಾಡಿಗಳೆಲ್ಲ ಕಣ್ಣ ಮುಂದೆ ಬಂದವು. ಮುರಳೀಕೃಷ್ಣನ ಜೀಪು, ವಿನೀತನ ಪಿಕಪ್ಪು, ಪರಮೇಶ್ವರಿ ಟೀಚರ ಕಾರು. ಅವೆಲ್ಲ ಈಗ ಈ ಹೊತ್ತಿಗೆ ಯಾವುದೋ ಇಳಿಜಾರಿನಲ್ಲಿ, ಯಾವುದೋ ತಿರುವಿನಲ್ಲಿ ಓಡುತ್ತಿರಬಹುದು.

ಅವನು ಕಿಸೆಯಿಂದ ಫೋನು ತೆಗೆದ. ಬೆರಳು ಒತ್ತಬೇಕಾದಲ್ಲಿ ಒತ್ತದೆ ಬೇರೆಲ್ಲೋ ಒತ್ತಿತು. ಎರಡು ಸಲ ಹಾಗಾಯಿತು. ದಮಯಂತಿ ಬಂದು ಅವನ ಪಕ್ಕದಲ್ಲಿ ಕೂತು ಫೋನು ತೆಗೆದುಕೊಂಡಳು.

"ಮೊದಲು ಯಾರಿಗೆ?"

"ಮುರಳೀಕೃಷ್ಣನಿಗೆ. ಅವನು ಘಟ್ಟ ಹತ್ತಿ ಇಳಿಯುವವನು."

ಅವಳು ನಂಬರು ಒತ್ತಿ ಫೋನನ್ನು ಅವನ ಕಿವಿಗೆ ಹಿಡಿದಳು. ಆ ಕಡೆಯಿಂದ ಗಾಡಿಯ ಸದ್ದಿನ ನಡುವೆ "ಹೇಳಿ ಮಹಾಬಲಣ್ಣ, ಎಂತ ವಿಶೇಷ?" ಎಂದು ಕೇಳಿತು.

"ಗಾಡಿ ಬದಿಗೆ ನಿಲ್ಲಿಸು ಮಾರಾಯ," ಅಂದ ಮಹಾಬಲ. "ನಿನಗೆ ಒಂದು ಮಾತು ಹೇಳ್ಲಿಕ್ಕುಂಟು."